ಸಾಧಕರಿಗೆಂದೇ ಮೀಸಲಾದ ವಿನಾಯಿತಿ

ಮಾಹಿತಿ ತಂತ್ರಜ್ಞಾನ ಉದ್ಯಮವು ತನ್ನ ಬಗ್ಗೆ ತಾನೇ ಹೇಳಿಕೊಂಡು ಬಂದಿರುವ ಕತೆಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದುದು ಅರ್ಹತೆಯ ಕತೆ. ಇಲ್ಲಿ ಮನೆತನ, ಮೈಬಣ್ಣ, ಹೆಣ್ಣು-ಗಂಡೆಂಬ ಭೇದ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಬರೆದ ಕೋಡ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ, ಕಂಪ್ಯೂಟರಿಗೆ ಪಕ್ಷಪಾತ ಮಾಡಲು ಬಾರದು ಎಂಬುದು ಆ ಕತೆಯ ತಿರುಳು. ಹೀಗೆ ಅರ್ಹತೆಯೊಂದನ್ನೇ ಆಧಾರವಾಗಿಟ್ಟುಕೊಂಡು ಅಧಿಕಾರವನ್ನೂ ಸಂಪತ್ತನ್ನೂ ಹಂಚುವ ವ್ಯವಸ್ಥೆಗೆ ‘ಮೆರಿಟಾಕ್ರಸಿ’ ಎನ್ನುತ್ತಾರೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕಲ್ ಯಂಗ್ 1958ರಲ್ಲಿ ಇದೇ ವ್ಯವಸ್ಥೆಯ ಕುರಿತು ವಿಡಂಬನೆಯ ಪುಸ್ತಕವೊಂದನ್ನು ಬರೆದು, ಗೆದ್ದವರು ತಮ್ಮ ಗೆಲುವೆಲ್ಲ ಸ್ವಂತ ಯೋಗ್ಯತೆಯ ಫಲವೆಂದೇ ನಂಬಿಬಿಟ್ಟರೆ ಅವರ ಅಹಂಕಾರಕ್ಕೆ ಕಡಿವಾಣ ಹಾಕುವವರೇ ಇರುವುದಿಲ್ಲ ಎಂದು ಎಚ್ಚರಿಸಿದ್ದರು. ಅಮೆರಿಕದ ಸಿಲಿಕಾನ್ ವ್ಯಾಲಿಯು ಆ ಎಚ್ಚರಿಕೆಯನ್ನು ಬಿಟ್ಟು ವ್ಯವಸ್ಥೆಯನ್ನು ಮಾತ್ರ ಆದರ್ಶವೆಂದು ಎತ್ತಿಕೊಂಡಿತು. ಪ್ರೋಗ್ರಾಮರುಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯ ಪ್ರವೇಶ ಕೋಣೆಯಲ್ಲಿ, ಅಮೆರಿಕದ ಅಧ್ಯಕ್ಷರ ಕಚೇರಿಯ ಮಾದರಿಯಲ್ಲಿ ಹಾಸಿದ್ದ ದುಂಡು ಜಮಖಾನೆಯ ಮೇಲೆ ‘ಮೆರಿಟಾಕ್ರಸಿ’ ಎಂಬ ಪದವನ್ನೇ ನೇಯಿಸಲಾಗಿತ್ತು. ಮಹಿಳಾ ಎಂಜಿನಿಯರುಗಳ ಟೀಕೆಯ ನಂತರ 2014ರ ಜನವರಿಯಲ್ಲಿ ಅದನ್ನು ತೆಗೆಸಿದರು. ಅದೇ ವರ್ಷದ ಮಾರ್ಚಿನಲ್ಲಿ ಮಹಿಳಾ ಎಂಜಿನಿಯರ್ ಒಬ್ಬರು ಕಿರುಕುಳದ ಆರೋಪ ಹೊರಿಸಿ ಕಂಪನಿ ಬಿಟ್ಟರು; ಕಾನೂನುಬಾಹಿರ ನಡೆ ಕಂಡುಬಂದಿಲ್ಲವಾದರೂ ತಪ್ಪು ನಿರ್ಧಾರಗಳಾಗಿವೆ ಎಂದು ತನಿಖೆ ಹೇಳಿದ ಮೇಲೆ ಸಂಸ್ಥಾಪಕರಲ್ಲೊಬ್ಬರು ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು.

ತಂತ್ರಜ್ಞಾನ ಲೋಕದ ಅಹಮಿಕೆಯನ್ನು ಬಿಡಿ ವ್ಯಕ್ತಿಗಳ ಸ್ವಭಾವದೋಷವೆಂದು ಬಗೆದು ಸುಮ್ಮನಾಗುವವರು ಬಹಳ. ಆದರೆ ಈ ಶತಮಾನದಲ್ಲಿ ಬಯಲಿಗೆ ಬಂದ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಚಿತ್ರ ಮೂಡುತ್ತದೆ. ಲಾಭ ತಂದುಕೊಡುವ ಗಂಡಸಿಗೆ ಉಳಿದವರಿಗಿಲ್ಲದ ಒಂದು ವಿನಾಯಿತಿ ಇದೆಯೆಂಬುದು ಈ ಉದ್ಯಮದಲ್ಲಿ ಅಲಿಖಿತ ಕಚೇರಿ ನಿಯಮವಾಗಿತ್ತು, ಆ ನಿಯಮವನ್ನು ಕಾಯಲು ಅಪ್ರೈಸಲ್ ಪದ್ಧತಿಯಿಂದ ಹಿಡಿದು ಷೇರು ರಚನೆಯವರೆಗೆ, ನೇಮಕಾತಿ ಕರಾರಿನ ಸಣ್ಣ ಅಕ್ಷರಗಳವರೆಗೆ ಹಲವು ಸಾಧನಗಳಿದ್ದವು.

ಈ ವಿನಾಯಿತಿಯ ಬೇರು ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ‘ಎನಿಯಾಕ್’ ಎಂಬ ದೈತ್ಯ ಎಲೆಕ್ಟ್ರಾನಿಕ್ ಗಣಕಕ್ಕೆ ಲೆಕ್ಕದ ಕ್ರಮವನ್ನು ಕೂಡಿಸಿಕೊಟ್ಟವರು, ಎಂದರೆ ಇಂದಿನ ಮಾತಿನಲ್ಲಿ ಅದರ ಪ್ರೋಗ್ರಾಮರುಗಳು, ಆರು ಮಂದಿ ಹೆಂಗಸರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. 1946ರ ಫೆಬ್ರುವರಿಯಲ್ಲಿ ಆ ಯಂತ್ರವನ್ನು ಲೋಕಕ್ಕೆ ತೋರಿಸಿದ ಪ್ರದರ್ಶನವು ಇವರ ಶ್ರಮದಿಂದಲೇ ಯಶಸ್ವಿಯಾದರೂ ಆ ರಾತ್ರಿಯ ಸಂಭ್ರಮದ ಭೋಜನಕ್ಕೆ ಇವರಿಗೆ ಕರೆ ಬರಲಿಲ್ಲ. ಯಂತ್ರ ಕಟ್ಟುವುದು ಗಂಡಸರ ಘನ ಕೆಲಸ, ಅದಕ್ಕೆ ಲೆಕ್ಕ ಉಣಿಸುವುದು ಗುಮಾಸ್ತಿಕೆಯಂಥ ಹಗುರ ಕೆಲಸ ಎಂಬ ಭಾವನೆ ಆಗ ಗಟ್ಟಿಯಾಗಿತ್ತು. ಹೆಂಗಸರಿಗೆ ಅಲ್ಲಿ ಜಾಗ ಸಿಕ್ಕಿದ್ದೂ ಅದೇ ಕಾರಣಕ್ಕೆ.

ಹಗುರವೆಂದುಕೊಂಡ ಕೆಲಸವೇ ಕಠಿಣವೆಂದೂ ಹಣ ತರುವುದೆಂದೂ ತಿಳಿದಾಗ ಲೆಕ್ಕಾಚಾರ ತಿರುಗಿತು. ಅರವತ್ತರ ದಶಕದಲ್ಲಿ ಪ್ರೋಗ್ರಾಮರುಗಳ ಕೊರತೆ ತೀವ್ರವಾಗಿ, ಕಂಪನಿಗಳು ಒಗಟು ಬಿಡಿಸುವ ಪರೀಕ್ಷೆಗಳನ್ನೂ ಮನೋವೈಜ್ಞಾನಿಕ ಪ್ರಶ್ನಾವಳಿಗಳನ್ನೂ ಬಳಸಿ ಅಭ್ಯರ್ಥಿಗಳನ್ನು ಆರಿಸತೊಡಗಿದವು. ವಿಲಿಯಂ ಕ್ಯಾನನ್ ಮತ್ತು ಡ್ಯಾಲಿಸ್ ಪೆರಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 1,378 ಪ್ರೋಗ್ರಾಮರುಗಳನ್ನು ಪರಿಶೀಲಿಸಿದ್ದರು; ಅವರಲ್ಲಿ ಹೆಂಗಸರು 186 ಮಾತ್ರ. ವೃತ್ತಿಯಲ್ಲಿ ತೃಪ್ತಿ ಕಂಡ ಪ್ರೋಗ್ರಾಮರುಗಳಿಗೆ ಒಗಟುಗಳಲ್ಲಿ ಆಸಕ್ತಿ ಹೆಚ್ಚು, ಜನರ ಒಡನಾಟದಲ್ಲಿ ಆಸಕ್ತಿ ಕಡಿಮೆ ಎಂದು ಅವರು ತೀರ್ಮಾನಿಸಿದರು. ಆ ಹೊತ್ತಿಗೆ ಉದ್ಯಮದಲ್ಲಿದ್ದವರ ಗುಣವನ್ನು ವರ್ಣಿಸಿದ ಈ ಮಾತು ಉದ್ಯಮಕ್ಕೆ ಬರಬೇಕಾದವರ ಲಕ್ಷಣವಾಗಿ ಬದಲಾಯಿತು. ಗಣಕ ಉದ್ಯಮದ ಚರಿತ್ರೆಕಾರ ನೇಥನ್ ಎನ್ಸ್‌ಮೆಂಗರ್ ತೋರಿಸಿಕೊಟ್ಟಿರುವಂತೆ, ಜನರೊಂದಿಗೆ ಬೆರೆಯದ, ಒರಟ, ಆದರೆ ಮೇಧಾವಿಯಾದ ಯುವಕ ಎಂಬ ಪ್ರೋಗ್ರಾಮರನ ಚಿತ್ರ ಆಯ್ಕೆಯ ಪದ್ಧತಿಯಿಂದಲೇ ಹುಟ್ಟಿದ್ದು. ಒರಟುತನಕ್ಕೆ ಕ್ಷಮೆ ಮಾತ್ರವಲ್ಲ, ಅದಕ್ಕೆ ಪ್ರತಿಭೆಯ ಗುರುತಿನ ಪಟ್ಟವೂ ಅಲ್ಲಿಂದಲೇ ಸಿಕ್ಕಿತು. ಅಮೆರಿಕದ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆಯುವವರಲ್ಲಿ ಹೆಂಗಸರ ಪಾಲು 1984ರ ಸುಮಾರಿಗೆ ಶೇ 37ರಷ್ಟಿದ್ದದ್ದು, ಮನೆಬಳಕೆಯ ಕಂಪ್ಯೂಟರನ್ನು ಗಂಡುಹುಡುಗರ ಆಟಿಕೆಯಾಗಿ ಮಾರಿದ ದಶಕ ಕಳೆದ ಮೇಲೆ ಇಳಿಯುತ್ತ ಹೋಗಿ 2010ರ ದಶಕದಲ್ಲಿ ಶೇ 18ರ ಆಸುಪಾಸಿಗೆ ಬಂತು. 2017ರಲ್ಲಿ ಗೂಗಲ್‌ನ ಎಂಜಿನಿಯರ್ ಜೇಮ್ಸ್ ಡಮೋರ್, ಈ ಕ್ಷೇತ್ರದಲ್ಲಿ ಹೆಂಗಸರು ಕಡಿಮೆಯಿರುವುದಕ್ಕೆ ಜೈವಿಕ ವ್ಯತ್ಯಾಸವೂ ಒಂದು ಕಾರಣವಿರಬಹುದೆಂದು ಸಹೋದ್ಯೋಗಿಗಳ ನಡುವೆ ಟಿಪ್ಪಣಿ ಹಂಚಿ ಕೆಲಸ ಕಳೆದುಕೊಂಡರು. ಮೂರು ದಶಕಗಳಲ್ಲಿ ಜೀವಶಾಸ್ತ್ರ ಅಷ್ಟು ಬದಲಾಗುವುದಿಲ್ಲ ಎಂಬ ಸರಳ ಉತ್ತರ ಮೇಲಿನ ಅಂಕಿಗಳಲ್ಲೇ ಇತ್ತು.

ವಿನಾಯಿತಿಯ ನಿಯಮ ಹೇಗೆ ಕೆಲಸ ಮಾಡುತ್ತದೆಂದು ಒಳಗಿನಿಂದ ವಿವರವಾಗಿ ತೋರಿಸಿಕೊಟ್ಟದ್ದು ಊಬರ್ ಪ್ರಕರಣ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾಗಿ, ಮೊಬೈಲ್ ಆ್ಯಪ್ ಮೂಲಕ ಟ್ಯಾಕ್ಸಿ ಒದಗಿಸುವ ವ್ಯವಹಾರವನ್ನು ಲೋಕವ್ಯಾಪಿಯಾಗಿಸಿದ ಈ ಕಂಪನಿಗೆ ಸೂಸನ್ ಫೌಲರ್ ಎಂಬ ಎಂಜಿನಿಯರ್ 2015ರ ನವೆಂಬರಿನಲ್ಲಿ ಸೇರಿದರು. ಅವರದು ಸೈಟ್ ರಿಲಯಬಿಲಿಟಿ ಎಂಜಿನಿಯರ್ ಹುದ್ದೆ; ಕೋಟ್ಯಂತರ ಜನ ಏಕಕಾಲಕ್ಕೆ ಬಳಸುವ ಸೇವೆಯ ಹಿಂದಿನ ಗಣಕಜಾಲ ಕುಸಿಯದಂತೆ ಕಾಯುವ ಕೆಲಸ. ತರಬೇತಿ ಮುಗಿಸಿ ತಂಡಕ್ಕೆ ಸೇರಿದ ಮೊದಲ ದಿನವೇ ಅವರ ಮ್ಯಾನೇಜರ್ ಕಂಪನಿಯ ಚಾಟ್‌ನಲ್ಲಿ ತಾನು ಲೈಂಗಿಕ ಸಂಗಾತಿಗಾಗಿ ಹುಡುಕುತ್ತಿರುವುದಾಗಿ ಸಂದೇಶ ಕಳಿಸಿದ. ಫೌಲರ್ ಆ ಸಂದೇಶಗಳ ಚಿತ್ರ ತೆಗೆದಿಟ್ಟು ಎಚ್‌ಆರ್ (ಮಾನವ ಸಂಪನ್ಮೂಲ) ವಿಭಾಗಕ್ಕೆ ದೂರು ಕೊಟ್ಟರು. ಇದು ಕಿರುಕುಳವೇ ಹೌದೆಂದು ಒಪ್ಪಿಕೊಂಡ ಎಚ್‌ಆರ್ ಅಧಿಕಾರಿಗಳು, ಆದರೆ ಆತ ಉತ್ತಮ ಸಾಧಕ, ಇದು ಆತನ ಮೊದಲ ತಪ್ಪು, ಆದ್ದರಿಂದ ಎಚ್ಚರಿಕೆಗಿಂತ ಹೆಚ್ಚಿನದೇನನ್ನೂ ಮಾಡಲಾಗದು ಎಂದರಂತೆ. ಬೇಕಿದ್ದರೆ ಬೇರೆ ತಂಡ ನೋಡಿಕೊಳ್ಳಬಹುದು, ಅಲ್ಲೇ ಉಳಿದರೆ ಮುಂದಿನ ಅಪ್ರೈಸಲ್‌ನಲ್ಲಿ ಆತ ಕಡಿಮೆ ಅಂಕ ಕೊಡಬಹುದು ಎಂಬ ಆಯ್ಕೆಯನ್ನೂ ಅವರ ಮುಂದಿಟ್ಟರು. ಕೆಲ ತಿಂಗಳ ನಂತರ ಇತರ ಮಹಿಳಾ ಎಂಜಿನಿಯರುಗಳ ಪರಿಚಯವಾದಾಗ, ಅದೇ ಮನುಷ್ಯನ ವಿರುದ್ಧ ತಮಗಿಂತ ಮೊದಲೇ ದೂರು ಕೊಟ್ಟವರಿದ್ದರೆಂದೂ, ಅವರಿಗೂ ಇದು ಮೊದಲ ತಪ್ಪೆಂದೇ ಹೇಳಲಾಗಿತ್ತೆಂದೂ ಫೌಲರ್‌ಗೆ ತಿಳಿಯಿತು.

ಇಲ್ಲಿ ಗಮನಿಸಬೇಕಾದದ್ದು ಅಪ್ರೈಸಲ್‌ನ ಪಾತ್ರ. ನೌಕರನ ವರ್ಷದ ಕೆಲಸವನ್ನು ಅಂಕಗಳಿಗೆ ಇಳಿಸಿ, ಬಡ್ತಿ, ಬೋನಸ್, ವರ್ಗಾವಣೆಗಳನ್ನೆಲ್ಲ ಆ ಅಂಕಗಳಿಗೆ ಕಟ್ಟಿಹಾಕುವ ಈ ಪದ್ಧತಿ ವಸ್ತುನಿಷ್ಠವೆಂದು ಹೆಸರಾದದ್ದು, ಬೆಂಗಳೂರಿನ ಸಾಫ್ಟ್‌ವೇರ್ ನೌಕರರಿಗೆ ಇದರ ಬಿಸಿ ಹೊಸದೇನಲ್ಲ. ಫೌಲರ್ ಬೇರೆ ತಂಡಕ್ಕೆ ವರ್ಗ ಕೇಳಿದಾಗ, ಮೊದಲು ಒಳ್ಳೆಯದಿದ್ದ ಅವರ ಅಂಕವನ್ನು ಆಮೇಲೆ ತಗ್ಗಿಸಲಾಯಿತು. ಕಂಪನಿಯ ಖರ್ಚಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅವರ ಉನ್ನತ ವ್ಯಾಸಂಗಕ್ಕೂ ಅದರಿಂದ ಕುತ್ತು ಬಂತು. ಉಳಿದ ತಂಡಗಳಲ್ಲಿ ಹೆಂಗಸರು ಬಿಟ್ಟುಹೋಗುತ್ತಿದ್ದರೂ ತನ್ನ ತಂಡದಲ್ಲಿ ಇನ್ನೂ ಇದ್ದಾರೆಂದು ಮ್ಯಾನೇಜರ್ ಕೊಚ್ಚಿಕೊಳ್ಳುತ್ತಿದ್ದದ್ದು ಆಮೇಲೆ ಅವರ ಕಿವಿಗೆ ಬಿತ್ತು. ಅವರು ಸೇರಿದಾಗ ಆ ವಿಭಾಗದಲ್ಲಿ ಶೇ 25ಕ್ಕಿಂತ ಹೆಚ್ಚಿದ್ದ ಹೆಂಗಸರ ಪಾಲು ವರ್ಗಾವಣೆಗೆ ಯತ್ನಿಸುವ ಹೊತ್ತಿಗೆ ಶೇ 6ಕ್ಕಿಂತ ಕೆಳಗಿಳಿದಿತ್ತು. ಚರ್ಮದ ಜಾಕೆಟ್‌ಗಳ ಪ್ರಸಂಗವಂತೂ ಆಡಳಿತ ವಿಕಾರದ ಪಠ್ಯಪುಸ್ತಕಕ್ಕೆ ಸೇರಬೇಕಾದದ್ದು. ವಿಭಾಗದ ಎಲ್ಲರಿಗೂ ಜಾಕೆಟ್ ಕೊಡುವುದಾಗಿ ಅಳತೆ ತೆಗೆದುಕೊಂಡ ಮೇಲೆ, ಗಂಡಸರ ಜಾಕೆಟ್‌ಗಳಿಗೆ ಸಗಟು ರಿಯಾಯಿತಿ ಸಿಕ್ಕಿತೆಂದೂ, ಉಳಿದಿದ್ದ ಆರು ಮಂದಿ ಹೆಂಗಸರಿಗೆ ಆ ರಿಯಾಯಿತಿ ಸಿಗದ ಕಾರಣ ಅವರಿಗೆ ಜಾಕೆಟ್ ಇಲ್ಲವೆಂದೂ ಇಮೇಲ್ ಬಂತು. ಇದು ಅನ್ಯಾಯವಲ್ಲವೇ ಎಂದು ಕೇಳಿದ್ದಕ್ಕೆ, ಸಮಾನತೆ ಬೇಕಿದ್ದರೆ ಗಂಡಸರ ಬೆಲೆಗೇ ಸಿಗುವ ಜಾಕೆಟ್ ಹುಡುಕಿಕೊಳ್ಳಿ ಎಂಬರ್ಥದ ಉತ್ತರ ಬಂತು.

2016ರ ಕೊನೆಗೆ ಕಂಪನಿ ಬಿಟ್ಟ ಫೌಲರ್ 2017ರ ಫೆಬ್ರುವರಿ 19ರಂದು ಈ ಎಲ್ಲವನ್ನೂ ಆಕ್ರೋಶದ ಏರುದನಿಯಿಲ್ಲದೆ, ದಾಖಲೆ ಬರೆಯುವವರಂತೆ ಬರೆದು ಪ್ರಕಟಿಸಿದರು. ಪರಿಣಾಮ ತೀವ್ರವಾಗಿದ್ದುದಕ್ಕೆ ಆ ಬರಹದ ಸಂಯಮ ಎಷ್ಟು ಕಾರಣವೋ ಸಂದರ್ಭವೂ ಅಷ್ಟೇ ಕಾರಣ. ಸಹಸಂಸ್ಥಾಪಕನೂ ಮುಖ್ಯಾಧಿಕಾರಿಯೂ ಆಗಿದ್ದ ಟ್ರಾವಿಸ್ ಕಲನಿಕ್ ಕಟ್ಟಿದ ಕಂಪನಿ, ಸಹೋದ್ಯೋಗಿಗಳ ಕಾಲು ತುಳಿದಾದರೂ ಮುನ್ನುಗ್ಗಬೇಕೆಂಬುದನ್ನು ತನ್ನ ಹದಿನಾಲ್ಕು ಅಧಿಕೃತ ಮೌಲ್ಯಗಳಲ್ಲಿ ಒಂದಾಗಿ, ಅದೂ ಅರ್ಹತೆಯ ಜೊತೆಗೆ ಜೋಡಿಸಿ ಬರೆದಿಟ್ಟುಕೊಂಡಿತ್ತು. ಪ್ರಯಾಣಿಕರು ಈ ಕ್ಷಣ ಎಲ್ಲಿದ್ದಾರೆಂಬುದನ್ನು ನೌಕರರು ನೋಡಬಹುದಾಗಿದ್ದ ‘ಗಾಡ್ ವ್ಯೂ’, ಅಂದರೆ ದೇವರ ನೋಟ, ಎಂಬ ಹೆಸರಿನ ವ್ಯವಸ್ಥೆಯೊಂದು ಅಲ್ಲಿತ್ತು. ಹೆಸರಿಟ್ಟವರ ಮನಸ್ಸು ಆ ಹೆಸರಿನಲ್ಲೇ ಇದೆ. ಕಂಪನಿಯನ್ನು ಟೀಕಿಸುವ ಪತ್ರಕರ್ತರ ಖಾಸಗಿ ಬದುಕನ್ನು ಕೆದಕಲು ಹತ್ತು ಲಕ್ಷ ಡಾಲರ್ ಖರ್ಚು ಮಾಡಬಹುದೆಂದು ಹಿರಿಯ ಅಧಿಕಾರಿಯೊಬ್ಬರು 2014ರ ನವೆಂಬರಿನಲ್ಲಿ ಭೋಜನಕೂಟವೊಂದರಲ್ಲಿ ಆಡಿದ ಮಾತು ಸುದ್ದಿಯಾಗಿತ್ತು. ಅವರು ಮುಖ್ಯವಾಗಿ ಗುರಿಯಿಟ್ಟದ್ದು ಊಬರ್‌ನ ಸ್ತ್ರೀದ್ವೇಷದ ಬಗ್ಗೆ ಬರೆದಿದ್ದ ಪತ್ರಕರ್ತೆಯನ್ನು. ಇಂಥ ಮಾತಾಡಿದವರು ಮತ್ತೆರಡೂವರೆ ವರ್ಷ ಅದೇ ಕುರ್ಚಿಯಲ್ಲಿದ್ದರು.

ಭಾರತದ ಓದುಗರಿಗೆ ಈ ಪ್ರಕರಣದ ಇನ್ನೊಂದು ಎಳೆ ಹತ್ತಿರದ್ದು. 2014ರ ಡಿಸೆಂಬರ್ 5ರ ರಾತ್ರಿ ದೆಹಲಿಯಲ್ಲಿ ಊಬರ್ ಟ್ಯಾಕ್ಸಿ ಹತ್ತಿದ ಯುವತಿಯ ಮೇಲೆ ಚಾಲಕ ಅತ್ಯಾಚಾರವೆಸಗಿದ. ಆತನ ಮೇಲೆ ಹಿಂದೆಯೂ ಗಂಭೀರ ಆರೋಪಗಳಿದ್ದವೆಂದೂ, ಹಿನ್ನೆಲೆಯ ಪರಿಶೀಲನೆ ಸರಿಯಾಗಿ ಆಗಿರಲಿಲ್ಲವೆಂದೂ ಬಯಲಾಗಿ, ದೆಹಲಿ ಸರ್ಕಾರ ಊಬರ್ ಸೇವೆಯನ್ನು ನಿಷೇಧಿಸಿತು. ನ್ಯಾಯಾಲಯ 2015ರಲ್ಲಿ ಆ ಚಾಲಕನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕಂಪನಿ ಬಹಿರಂಗವಾಗಿ ಆಕೆಯ ಪರ ನಿಂತಿತ್ತು. ಆದರೆ ಏಷ್ಯಾ ವ್ಯವಹಾರದ ಹೊಣೆ ಹೊತ್ತಿದ್ದ ಅಧಿಕಾರಿ ಆ ಯುವತಿಯ ವೈದ್ಯಕೀಯ ದಾಖಲೆಗಳನ್ನು ಸಂಪಾದಿಸಿ ಕಲನಿಕ್ ಸೇರಿದಂತೆ ಮೇಲಿನವರಿಗೆ ತೋರಿಸಿದ್ದರೆಂದೂ, ಈ ಇಡೀ ಘಟನೆ ಬೆಂಗಳೂರು ಮೂಲದ ಪ್ರತಿಸ್ಪರ್ಧಿ ಓಲಾ ಕಂಪನಿಯ ಪಿತೂರಿಯಿರಬಹುದೇ ಎಂದು ಅವರು ತಮ್ಮೊಳಗೆ ಅನುಮಾನಿಸಿದ್ದರೆಂದೂ 2017ರ ಜೂನ್‌ನಲ್ಲಿ ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಆ ಅಧಿಕಾರಿ ಕೆಲಸ ಕಳೆದುಕೊಂಡರು. ಯುವತಿ ಅಮೆರಿಕದ ನ್ಯಾಯಾಲಯದಲ್ಲಿ ಹೂಡಿದ ಖಾಸಗಿತನ ಉಲ್ಲಂಘನೆಯ ದಾವೆ ಅದೇ ವರ್ಷದ ಕೊನೆಗೆ ರಾಜಿಯಲ್ಲಿ ಮುಗಿಯಿತು. ತಮ್ಮ ಕಂಪನಿಯ ಏಳಿಗೆಯೇ ಲೋಕದ ಕೇಂದ್ರವೆಂದು ನಂಬಿದವರಿಗೆ ಹೆಣ್ಣೊಬ್ಬಳ ಮೇಲಿನ ಅತ್ಯಾಚಾರವೂ ಮೊದಲು ಕಂಡದ್ದು ವ್ಯಾಪಾರದ ಹಗೆತನವಾಗಿ. ಅಹಂಕಾರ, ಸ್ತ್ರೀನಿಂದನೆ, ಎಡವಟ್ಟು ಈ ಮೂರನ್ನೂ ಬೇರೆಬೇರೆ ದೋಷಗಳೆಂದು ಎಣಿಸುವವರಿಗೆ ಇದಕ್ಕಿಂತ ಖಚಿತವಾದ ಉತ್ತರ ಬೇಕಿಲ್ಲ.

ಫೌಲರ್‌ರ ಬರಹದ ನಂತರ ಊಬರ್ ನೇಮಿಸಿದ ವಕೀಲರ ಸಂಸ್ಥೆಯೊಂದು 215 ದೂರುಗಳನ್ನು ಪರಿಶೀಲಿಸಿತು, ಅವುಗಳಲ್ಲಿ 47 ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದವು. 20 ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಅಮೆರಿಕದ ಮಾಜಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ನೇತೃತ್ವದ ಪ್ರತ್ಯೇಕ ತಂಡ ಕಚೇರಿಯ ಒಟ್ಟಾರೆ ವಾತಾವರಣದ ಬಗ್ಗೆ 47 ಶಿಫಾರಸುಗಳನ್ನು ಮಾಡಿತು. ಅವುಗಳಲ್ಲಿ ಕೆಲವು ಚಿಲ್ಲರೆ ಎನಿಸಿದರೂ ಮರ್ಮಕ್ಕೆ ತಾಗುವಂಥವು: ಕಚೇರಿಯಲ್ಲಿ ರಾತ್ರಿ ತಡವಾಗಿ ಬಡಿಸುತ್ತಿದ್ದ ಊಟವನ್ನು ಬೇಗ ಬಡಿಸಬೇಕೆಂಬುದು ಅಂಥದೊಂದು, ಏಕೆಂದರೆ ಮನೆಯಲ್ಲಿ ಮಕ್ಕಳಿರುವವರು ಅಷ್ಟು ಹೊತ್ತು ಕಾಯಲಾರರು, ಕಾಯುವವರಷ್ಟೇ ಶ್ರದ್ಧಾವಂತರೆಂದು ಹೆಸರಾಗುತ್ತಿದ್ದರು. ಈ ಶಿಫಾರಸುಗಳನ್ನು ನೌಕರರಿಗೆ ವಿವರಿಸಲು 2017ರ ಜೂನ್ 13ರಂದು ಕರೆದ ಸಭೆಯಲ್ಲೇ, ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಿದ್ದರೆ ಎರಡನೆಯವರು ಬರುವ ಸಂಭವ ಹೆಚ್ಚೆಂದು ಮಂಡಳಿಯ ಸದಸ್ಯೆ ಅರಿಯಾನಾ ಹಫಿಂಗ್ಟನ್ ಹೇಳಿದ್ದಕ್ಕೆ, ಹಾಗಾದರೆ ಮಾತೂ ಹೆಚ್ಚಾಗುವ ಸಂಭವವಿದೆ ಎಂದು ಇನ್ನೊಬ್ಬ ನಿರ್ದೇಶಕ ಡೇವಿಡ್ ಬಾಂಡರ್‌ಮನ್ ನಗೆಯಾಡಿದರು. ಸ್ತ್ರೀನಿಂದನೆಯನ್ನು ತೊಡೆಯಲೆಂದೇ ಕರೆದ ಸಭೆಯಲ್ಲಿ ಈ ಮಾತು ಬಂದದ್ದರಿಂದ ಅವರು ಅದೇ ದಿನ ಮಂಡಳಿಗೆ ರಾಜೀನಾಮೆ ಕೊಡಬೇಕಾಯಿತು. ವಾರದೊಳಗೆ ಪ್ರಮುಖ ಹೂಡಿಕೆದಾರರ ಒತ್ತಡಕ್ಕೆ ಮಣಿದು ಕಲನಿಕ್ ಕೂಡ ಮುಖ್ಯಾಧಿಕಾರಿಯ ಸ್ಥಾನ ಬಿಟ್ಟರು.

ಆದರೂ ಅವರನ್ನು ಇಳಿಸುವುದು ಸುಲಭವಾಗಿರಲಿಲ್ಲ. ಸಾಮಾನ್ಯ ಕಂಪನಿಯಲ್ಲಿ ಒಂದು ಷೇರಿಗೆ ಒಂದು ಮತ. ಸಿಲಿಕಾನ್ ವ್ಯಾಲಿಯ ಅನೇಕ ಕಂಪನಿಗಳಲ್ಲಿ ಸಂಸ್ಥಾಪಕರ ಷೇರಿಗೆ ಮಾತ್ರ ಹತ್ತು ಮತ. ಮಾರ್ಕ್ ಜುಕರ್‌ಬರ್ಗ್ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಅಲ್ಪಭಾಗದ ಒಡೆಯನಾಗಿಯೂ ಅದರ ಬಹುಪಾಲು ಮತಗಳನ್ನು ಹಿಡಿದಿರುವುದು ಹೀಗೆ. ಊಬರ್‌ನಲ್ಲಿಯೂ ಹೆಚ್ಚು ಮತದ ಷೇರುಗಳಿದ್ದವು, ಮಂಡಳಿಯ ಮೂರು ಸ್ಥಾನಗಳಿಗೆ ಸದಸ್ಯರನ್ನು ಹೆಸರಿಸುವ ಅಧಿಕಾರವೂ ಕಲನಿಕ್ ಕೈಯಲ್ಲಿತ್ತು. ಸಂಸ್ಥಾಪಕನ ದೂರದೃಷ್ಟಿಯನ್ನು ಷೇರುಪೇಟೆಯ ಅವಸರದಿಂದ ಕಾಪಾಡಲು ಈ ಏರ್ಪಾಡು ಬೇಕೆಂಬ ವಾದವಿದೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ಏರ್ಪಾಡು ಒಬ್ಬನ ಅಹಂಕಾರಕ್ಕೆ ಕಾನೂನಿನ ಕಾವಲನ್ನೂ ಒದಗಿಸುತ್ತದೆ.

ಕಾವಲಿನ ಇನ್ನೊಂದು ಗೋಡೆ ನೇಮಕಾತಿ ಕರಾರಿನಲ್ಲಿತ್ತು. ಕಡ್ಡಾಯ ಮಧ್ಯಸ್ಥಿಕೆ ಎಂದರೆ, ಕೆಲಸಕ್ಕೆ ಸೇರುವಾಗಲೇ ನೌಕರರಿಂದ ಮುಂದೆ ಯಾವ ವ್ಯಾಜ್ಯ ಬಂದರೂ ನ್ಯಾಯಾಲಯಕ್ಕೆ ಹೋಗದೆ ಖಾಸಗಿ ಮಧ್ಯಸ್ಥರ ಮುಂದೆ, ಗುಟ್ಟಾಗಿ ಇತ್ಯರ್ಥ ಮಾಡಿಕೊಳ್ಳುತ್ತೇನೆಂದು ಬರೆಸಿಕೊಳ್ಳುವುದು. ಈ ಗುಟ್ಟಿನಿಂದಾಗಿ ಒಬ್ಬಳ ದೂರು ಇನ್ನೊಬ್ಬಳಿಗೆ ತಿಳಿಯುವುದಿಲ್ಲ, ಪ್ರತಿ ಬಾರಿಯೂ ಅದು ಮೊದಲ ತಪ್ಪಾಗಿಯೇ ಉಳಿಯುತ್ತದೆ. 2018ರ ಅಕ್ಟೋಬರ್ 25ರಂದು ‘ನ್ಯೂಯಾರ್ಕ್ ಟೈಮ್ಸ್’, ಆಂಡ್ರಾಯ್ಡ್ ತಂತ್ರಾಂಶದ ಜನಕರೆನಿಸಿದ ಆಂಡಿ ರೂಬಿನ್ ಅವರ ಮೇಲಿನ ಲೈಂಗಿಕ ದುರ್ವರ್ತನೆಯ ಆರೋಪ ನಂಬಲರ್ಹವೆಂದು ಗೂಗಲ್‌ಗೆ ಕಂಡುಬಂದಿದ್ದರೂ 2014ರಲ್ಲಿ ಅವರನ್ನು 9 ಕೋಟಿ ಡಾಲರ್ ಕೊಟ್ಟು, ಹೊಗಳಿ ಬೀಳ್ಕೊಡಲಾಗಿತ್ತೆಂದು ವರದಿ ಮಾಡಿತು. ರೂಬಿನ್ ಆರೋಪವನ್ನು ಅಲ್ಲಗಳೆದರು. ಹಿಂದಿನ ಎರಡು ವರ್ಷಗಳಲ್ಲಿ 13 ಹಿರಿಯರೂ ಸೇರಿ 48 ಮಂದಿಯನ್ನು ಇದೇ ಕಾರಣಕ್ಕೆ ಬರಿಗೈಯಲ್ಲಿ ಕಳಿಸಿದ್ದೇವೆಂದು ಮುಖ್ಯಾಧಿಕಾರಿ ಸುಂದರ್ ಪಿಚೈ ಪತ್ರ ಬರೆದರೂ ನೌಕರರು ಸಮಾಧಾನಗೊಳ್ಳಲಿಲ್ಲ. ನವೆಂಬರ್ 1ರಂದು ಲೋಕದ ಹಲವು ನಗರಗಳಲ್ಲಿ ಸುಮಾರು 20,000 ಮಂದಿ ಕೆಲಸ ಬಿಟ್ಟು ಹೊರಬಂದರು. ಕಡ್ಡಾಯ ಮಧ್ಯಸ್ಥಿಕೆ ಕೈಬಿಡಬೇಕೆಂಬುದು ಅವರ ಬೇಡಿಕೆಗಳಲ್ಲಿ ಮುಖ್ಯವಾಗಿತ್ತು. ಗೂಗಲ್ ಮೊದಲು ಲೈಂಗಿಕ ಕಿರುಕುಳದ ದೂರುಗಳಿಗೆ, 2019ರ ಮಾರ್ಚಿನಿಂದ ಎಲ್ಲ ವ್ಯಾಜ್ಯಗಳಿಗೂ ಆ ನಿಯಮವನ್ನು ತೆಗೆಯಿತು. ಮುಂದಾಳುಗಳಾಗಿದ್ದ ಕ್ಲೇರ್ ಸ್ಟೇಪಲ್ಟನ್ ಮತ್ತು ಮೆರೆಡಿತ್ ವಿಟಕರ್ ಮಾತ್ರ ತಮ್ಮ ಮೇಲೆ ಸೇಡಿನ ಕ್ರಮ ನಡೆಯುತ್ತಿದೆಯೆಂದು ಹೇಳಿ ವರ್ಷದೊಳಗೆ ಕಂಪನಿ ಬಿಟ್ಟರು. ಗೂಗಲ್ ಅದನ್ನು ನಿರಾಕರಿಸಿತು. ಲೈಂಗಿಕ ಕಿರುಕುಳದ ಪ್ರಕರಣಗಳಲ್ಲಿ ಇಂಥ ಕರಾರನ್ನು ಹೇರುವಂತಿಲ್ಲವೆಂದು ಅಮೆರಿಕದಲ್ಲಿ ಕಾನೂನೇ ಬಂದದ್ದು 2022ರ ಮಾರ್ಚಿನಲ್ಲಿ.

ಇದೆಲ್ಲ ಅಮೆರಿಕದ ಮಾತು ಎಂದು ಬೆಂಗಳೂರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಇನ್ಫೋಸಿಸ್‌ನ ಜಾಗತಿಕ ಮಾರಾಟದ ಮುಖ್ಯಸ್ಥರಾಗಿ ಕಂಪನಿಯ ಬೆಳವಣಿಗೆಯ ದೊಡ್ಡ ಪಾಲಿನ ಕೀರ್ತಿ ಪಡೆದಿದ್ದ ಫಣೀಶ್ ಮೂರ್ತಿ, ಅಮೆರಿಕದ ಕಚೇರಿಯ ಮಾಜಿ ಮಹಿಳಾ ಸಹೋದ್ಯೋಗಿಯೊಬ್ಬರು ಹೂಡಿದ ಲೈಂಗಿಕ ಕಿರುಕುಳದ ದಾವೆಯ ಹಿನ್ನೆಲೆಯಲ್ಲಿ 2002ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. 2003ರಲ್ಲಿ 30 ಲಕ್ಷ ಡಾಲರ್ ಕೊಟ್ಟು ದಾವೆಯನ್ನು ರಾಜಿಯಲ್ಲಿ ಮುಗಿಸಲಾಯಿತು. ಆರೋಪವನ್ನು ಅವರು ಒಪ್ಪಿರಲಿಲ್ಲ. ಅದೇ ವರ್ಷ ಅವರು ಐಗೇಟ್ ಎಂಬ ಮತ್ತೊಂದು ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥರಾದರು. ಕೈಕೆಳಗಿನ ನೌಕರಳೊಂದಿಗಿನ ಸಂಬಂಧವನ್ನು ತಿಳಿಸದೆ ನಿಯಮ ಮೀರಿದರೆಂಬ ಕಾರಣಕ್ಕೆ 2013ರ ಮೇ ತಿಂಗಳಲ್ಲಿ ಆ ಕಂಪನಿಯೂ ಅವರನ್ನು ತೆಗೆಯಿತು, ಕಿರುಕುಳದ ಆರೋಪವನ್ನು ಅವರು ಆಗಲೂ ಅಲ್ಲಗಳೆದರು. ಇನ್ಫೋಸಿಸ್ ತನ್ನ ಅತ್ಯುತ್ತಮ ಮಾರಾಟಗಾರನನ್ನು ಉಳಿಸಿಕೊಳ್ಳಲು ಹೋಗಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಉದ್ಯಮದ ನೆನಪು ಮಾತ್ರ ಬಹುಕಾಲ ಬಾಳಲಿಲ್ಲ.

ಭಾರತದ ಕಾನೂನು ಒಂದು ವಿಷಯದಲ್ಲಿ ಅಮೆರಿಕಕ್ಕಿಂತ ಮುಂದಿದೆ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯನ್ನು ಆಧರಿಸಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು ಬಂದ 2013ರ ಕಾಯ್ದೆ, ಕಚೇರಿಗಳಲ್ಲಿ ‘ಪಾಶ್’ ಎಂದೇ ಬಳಕೆಯಲ್ಲಿರುವುದು, ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಕಚೇರಿಯಲ್ಲೂ ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರಿರಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ. ಫೌಲರ್‌ರ ದೂರನ್ನು ಎಚ್‌ಆರ್ ಅಧಿಕಾರಿಗಳು ತಾವಾಗಿಯೇ ತೂಗಿ ನೋಡಿದಂತೆ ಇಲ್ಲಿ ಮಾಡುವಂತಿಲ್ಲ, ಸಾಧಕ ಎಂಬುದು ಇಲ್ಲಿ ಕಾನೂನು ಮೆಚ್ಚುವ ಉತ್ತರವೂ ಅಲ್ಲ. ಆದರೆ ಘಟನೆ ನಡೆದ ಮೂರು ತಿಂಗಳೊಳಗೆ, ಅದೂ ಸಾಮಾನ್ಯವಾಗಿ ಬರಹದಲ್ಲಿ ದೂರು ಕೊಡಬೇಕೆಂಬ ಷರತ್ತು, ಅಪ್ರೈಸಲ್‌ನ ಭಯದಲ್ಲಿರುವ ಹೊಸ ನೌಕರಳಿಗೆ ಸಣ್ಣದೇನಲ್ಲ.

ಕಚೇರಿಯ ಗೋಡೆಯಾಚೆ, ಅಂತರ್ಜಾಲದಲ್ಲಿ, ಈ ಮಟ್ಟದ ಕಾವಲೂ ಇಲ್ಲ. 2021ರ ಜುಲೈನಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಹೆಸರುಗಳಲ್ಲಿ, ಪತ್ರಕರ್ತೆಯರೂ ಹೋರಾಟಗಾರ್ತಿಯರೂ ಸೇರಿದಂತೆ ಅನೇಕ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಅವರ ಅರಿವಿಲ್ಲದೆ ಬಳಸಿ ಹರಾಜಿನ ನಾಟಕವಾಡುವ ಆ್ಯಪ್‌ಗಳನ್ನು ಗಿಟ್‌ಹಬ್‌ನಲ್ಲೇ ಇರಿಸಲಾಗಿತ್ತು. ಮೊದಲನೆಯದರಲ್ಲಿ ತಿಂಗಳುಗಟ್ಟಲೆ ಯಾರ ಬಂಧನವೂ ಆಗದೆ ಎರಡನೆಯದಕ್ಕೆ ಧೈರ್ಯ ಬಂತು. ಆಮೇಲೆ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ.

ಪ್ರಶ್ನಿಸುವವರಿಲ್ಲದ ಅಹಂಕಾರ, ತಯಾರಿಸಿದ ವಸ್ತುವಿನಲ್ಲೂ ಕಾಣಿಸಿಕೊಳ್ಳುತ್ತದೆ. ಆ್ಯಪಲ್ 2014ರಲ್ಲಿ ಬಿಡುಗಡೆ ಮಾಡಿದ ‘ಹೆಲ್ತ್’ ಆ್ಯಪ್ ತಿಂದ ಸೋಡಿಯಂ ಅಂಶದವರೆಗೆ ಎಲ್ಲವನ್ನೂ ದಾಖಲಿಸುತ್ತಿತ್ತು, ಮುಟ್ಟಿನ ದಿನಗಳಿಗೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಸೇರಿಸಲು ಒಂದು ವರ್ಷ ಬೇಕಾಯಿತು. ಅಮೆಜಾನ್ ಹತ್ತು ವರ್ಷಗಳ ಅರ್ಜಿಗಳನ್ನು ಉಣಿಸಿ ರೂಪಿಸಿದ ನೇಮಕಾತಿ ತಂತ್ರಾಂಶ, ಹಿಂದಿನ ಅರ್ಜಿದಾರರಲ್ಲಿ ಗಂಡಸರೇ ಹೆಚ್ಚಿದ್ದುದರಿಂದ, ಮಹಿಳಾ ಕಾಲೇಜಿನಲ್ಲಿ ಓದಿದವರ ಅಂಕ ತಗ್ಗಿಸುವುದನ್ನು ಕಲಿತುಕೊಂಡಿತೆಂದೂ, ಕೊನೆಗೆ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತೆಂದೂ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಸಂಶೋಧಕಿಯರಾದ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅದೇ ವರ್ಷ ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ತಿಳಿ ಮೈಬಣ್ಣದ ಗಂಡಸರಲ್ಲಿ ಹೆಚ್ಚೆಂದರೆ ಶೇ 0.8ರಷ್ಟಿದ್ದ ತಪ್ಪು ಕಪ್ಪು ಮೈಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ ಏರಿತ್ತು. ಚಿತ್ರ ಸಂಸ್ಕರಣೆಯ ಸಂಶೋಧಕರು 1973ರಿಂದ ತಮ್ಮ ತಂತ್ರಗಳನ್ನು ಪರೀಕ್ಷಿಸಲು ಬಳಸುತ್ತ ಬಂದ ‘ಲೆನಾ’ ಎಂಬ ಚಿತ್ರ ‘ಪ್ಲೇಬಾಯ್’ ಪತ್ರಿಕೆಯ ನಡುಪುಟದಿಂದ ಕತ್ತರಿಸಿದ್ದು. ಗಣಕತಜ್ಞರ ವೃತ್ತಿಸಂಘವಾದ ಐಈಈಈ ಕಂಪ್ಯೂಟರ್ ಸೊಸೈಟಿ ಆ ಚಿತ್ರವಿರುವ ಪ್ರಬಂಧಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದ್ದು 2024ರ ಏಪ್ರಿಲ್ 1ರಂದು, ಅಂದರೆ ಐವತ್ತು ವರ್ಷ ಕಳೆದ ಮೇಲೆ.

ಒಳ್ಳೆಯ ಮನಸ್ಸಿನವರೂ ಅರ್ಹತೆಯ ಕತೆಯನ್ನು ನಂಬಿ ಎಡವುತ್ತಾರೆ. ಮಣಿಪಾಲದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಮೈಕ್ರೊಸಾಫ್ಟ್‌ನ ಮುಖ್ಯಾಧಿಕಾರಿಯಾದ ಸತ್ಯ ನಾದೆಲ್ಲ, 2014ರ ಅಕ್ಟೋಬರಿನಲ್ಲಿ ಫೀನಿಕ್ಸ್ ನಗರದಲ್ಲಿ ನಡೆದ ಮಹಿಳಾ ತಂತ್ರಜ್ಞರ ಸಮಾವೇಶದ ವೇದಿಕೆಯಲ್ಲಿ, ಸಂಬಳ ಹೆಚ್ಚಿಸಿರೆಂದು ಕೇಳಲು ಹಿಂಜರಿಯುವ ಹೆಂಗಸರು ವ್ಯವಸ್ಥೆಯ ಮೇಲೆ ನಂಬಿಕೆಯಿಟ್ಟು ಕಾಯಬೇಕು, ಅದು ಸತ್ಕರ್ಮವಾಗಿ ಮರಳಿ ಬರುತ್ತದೆ ಎಂಬರ್ಥದ ಮಾತಾಡಿದರು. ಅದೇ ದಿನ ನೌಕರರಿಗೆ ಪತ್ರ ಬರೆದು, ತಾನು ಕೊಟ್ಟ ಉತ್ತರ ಪೂರ್ತಿ ತಪ್ಪೆಂದು ಒಪ್ಪಿಕೊಂಡರು. ವೇದಿಕೆಯಲ್ಲಿ ಅವರನ್ನು ಪ್ರಶ್ನಿಸಿ, ಅಲ್ಲೇ ನೇರವಾಗಿ ಭಿನ್ನಾಭಿಪ್ರಾಯ ಹೇಳಿದವರು ಮೈಕ್ರೊಸಾಫ್ಟ್‌ನ ನಿರ್ದೇಶಕಿಯೂ ಆಗಿದ್ದ ಗಣಕವಿಜ್ಞಾನಿ ಮರಿಯಾ ಕ್ಲಾವೆ.

ಅದೇ ಕ್ಲಾವೆ 2006ರಲ್ಲಿ ಕ್ಯಾಲಿಫೋರ್ನಿಯದ ಹಾರ್ವಿ ಮಡ್ ಕಾಲೇಜಿನ ಅಧ್ಯಕ್ಷೆಯಾದಾಗ ಅಲ್ಲಿ ಕಂಪ್ಯೂಟರ್ ವಿಜ್ಞಾನ ಆರಿಸಿಕೊಳ್ಳುವವರಲ್ಲಿ ಹೆಂಗಸರು ಶೇ 10ರ ಆಸುಪಾಸಿನಲ್ಲಿದ್ದರು. ಅಲ್ಲಿನ ಅಧ್ಯಾಪಕರು ಮೊದಲ ತರಗತಿಯನ್ನು ಎರಡಾಗಿ ಒಡೆದು, ಮನೆಯಲ್ಲೇ ಕೋಡ್ ಬರೆದು ಪಳಗಿದವರನ್ನು ಒಂದು ಕಡೆ, ಹೊಸಬರನ್ನು ಇನ್ನೊಂದು ಕಡೆ ಕೂರಿಸಿದರು. ಜಾವಾ ಭಾಷೆಯ ಬದಲು ಕಲಿಯಲು ಸುಲಭವಾದ ಪೈಥಾನ್ ತಂದರು. ತರಗತಿಯಲ್ಲಿ ತನ್ನ ಪಾಂಡಿತ್ಯ ತೋರಿಸಿ ಉಳಿದವರ ಬಾಯಿ ಮುಚ್ಚಿಸುವ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಕರೆದು, ನಿನ್ನ ಪ್ರಶ್ನೆಗಳು ಚೆನ್ನಾಗಿವೆ, ಅವನ್ನು ನನ್ನ ಕೋಣೆಗೆ ಬಂದು ಕೇಳು ಎಂದು ತಿಳಿಹೇಳಿದರು. ಮುಂದಿನ ಹಂತದಲ್ಲಿ ಎರಡೂ ಗುಂಪುಗಳಿಗೆ ಪಾಠ ಒಂದೇ, ಪರೀಕ್ಷೆ ಒಂದೇ, ಯಾವ ರಿಯಾಯಿತಿಯೂ ಇರಲಿಲ್ಲ. 2016ರಲ್ಲಿ ಆ ಕಾಲೇಜಿನಿಂದ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರಾಗಿದ್ದರು.